ಡೇಟಾ ಬರುತ್ತೆ, ಹೋಗುತ್ತೆ: ನನ್ನ ಫೋನಿನ ಇಪ್ಪತ್ನಾಲ್ಕು ದಿನ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾನು ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯದ ದುಡ್ಡು, ಕಟ್ಟಿಸಿಕೊಳ್ಳುವ ಒಂದು ದಿನಸಿ ಅಂಗಡಿ ಇದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಇನ್ನೂರು ರೂಪಾಯಿ ಕೊಟ್ಟ ಮೇಲೆ ಚೀಟಿ ಬರುವ ತನಕ ಎಡಗೈ ಚಾಚಿಕೊಂಡೇ ಇರುತ್ತಾರೆ. ಚೀಟಿ ಸಿಕ್ಕಿದರೆ ಗಲ್ಲಾಪೆಟ್ಟಿಗೆ ಪಕ್ಕ ನೇತಾಡುವ ತಂತಿಗೆ ಚುಚ್ಚುತ್ತಾರೆ. ಆಮೇಲೇ ಮುಂದಿನ ಗಿರಾಕಿ. ಜೂನ್ ಮೊದಲ ವಾರದ ಒಂದು ಸಂಜೆ ಆ ಕೈ ಚಾಚಿದ ಹಾಗೇ ಉಳಿಯಿತು. ನನ್ನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಮೇಲೆ ನೆಟ್‌ವರ್ಕ್ ಕಡ್ಡಿ ನಾಲ್ಕರಲ್ಲಿ ಮೂರು ಇದ್ದವು. ಡೇಟಾ ಮಾತ್ರ ಇಲ್ಲ.

"ಮಳೆ ಅಲ್ವೇನಮ್ಮ, ಬರುತ್ತೆ ಬಿಡು" ಅಂದರು. ನಾನೂ ಹಾಗೇ ಅಂದುಕೊಂಡೆ. ನಮ್ಮ ಕಡೆ ಜೂನ್ ಬಂತೆಂದರೆ ಕರೆಂಟು ಹೋಗುತ್ತೆ, ಟವರಿನ ಬ್ಯಾಟರಿ ಇಳಿಯುತ್ತೆ, ನೆಟ್‌ವರ್ಕೂ ಹೋಗುತ್ತೆ. ಅದು ಹೊಸದೇನಲ್ಲ. ಏರೋಪ್ಲೇನ್ ಮೋಡ್ ಹಾಕಿ ತೆಗೆದೆ. ಡೇಟಾ ಬಂತು, ಚೀಟಿ ಬಂತು. ಮುಂದಿನ ಅಂಗಡಿಯಲ್ಲಿ ಮತ್ತೆ ಹೋಯಿತು.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಇದು ಯಾಕೆ ಇಷ್ಟು ದೊಡ್ಡ ರಗಳೆ ಆಯಿತು ಅಂತ ಗೊತ್ತಾಗೋದಿಲ್ಲ. ಒಂದು ಸಹಕಾರಿ ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ. ದಿನಕ್ಕೆ ಎಪ್ಪತ್ತು, ಎಪ್ಪತ್ತೈದು ಕಡೆ ಹೋಗಬೇಕು. ಸಂಬಳ ಇಲ್ಲ, ಕಮಿಷನ್ ಅಷ್ಟೆ. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರುವಾದಾಗ ಏಜೆಂಟರಿಗೆ ಒಂದು ಪುಸ್ತಕ, ಒಂದು ಪೆನ್ನು ಸಾಕಿತ್ತು. ಈಗ ಫೋನಿನಲ್ಲಿ ಸೊಸೈಟಿಯ ಆ್ಯಪ್, ಸೊಂಟದಲ್ಲಿ ಬ್ಲೂಟೂತ್ ಪ್ರಿಂಟರ್. ಆನ್‌ಲೈನ್ ಇದ್ದರಷ್ಟೇ ಆ್ಯಪ್ ಎಂಟ್ರಿ ತಗೊಳ್ಳುತ್ತೆ. ಬೇರೆ ಫೋನಿಗೆ ಸುಮ್ನೆ ಹಾಕಿಕೊಳ್ಳಲೂ ಆಗದು. ಆಫೀಸಿನಲ್ಲಿ ಹಳೆ ಫೋನನ್ನು ಬಿಡಿಸಿ ಹೊಸದನ್ನು ಸೇರಿಸಬೇಕು.

ನಾಲ್ಕನೇ ದಿನ ಮಗಳ ಕೈಗೆ ಫೋನ್ ಕೊಟ್ಟೆ. ಪಿಯುಸಿ ಎರಡನೇ ವರ್ಷ, ಫೋನಿನ ವಿಷಯದಲ್ಲಿ ನಮ್ಮ ಮನೆಯ ಇಂಜಿನಿಯರ್. ಅವಳು ಒಂದೊಂದಾಗಿ ನೋಡಿದಳು. ಡೇಟಾ ಸೇವರ್ ಆಫ್. ಬ್ಯಾಟರಿ ಸೇವರ್ ಆಫ್. ವಿಪಿಎನ್ ಇಲ್ಲ. ಪ್ರೈವೇಟ್ ಡಿಎನ್ಎಸ್ ಅನ್ನುವ ಕಡೆ ಏನೋ ಹೆಸರು ಹಾಕಿತ್ತು, ಜಾಹೀರಾತು ಬರಬಾರದು ಅಂತ ಅವಳೇ ಯಾವಾಗಲೋ ಹಾಕಿದ್ದು. ಅದನ್ನು ತೆಗೆದು ಆಟೋಮ್ಯಾಟಿಕ್‌ಗೆ ಇಟ್ಟಳು. ನೆಟ್‌ವರ್ಕ್ ಮೋಡ್ 5ಜಿ ಇದ್ದದ್ದನ್ನು 4ಜಿಗೆ ಇಳಿಸಿದಳು. 5ಜಿ ಸಿಗ್ನಲ್ ಅರ್ಧಂಬರ್ಧ ಇರುವ ಕಡೆ ಫೋನ್ ಅತ್ತಿತ್ತ ಜಿಗಿಯುತ್ತಾ ಡೇಟಾ ಬಿಡುವುದುಂಟು, ಹಾಗಾಗಿ ಇದು ಒಳ್ಳೆಯ ಪರೀಕ್ಷೆಯೇ. ಎಪಿಎನ್ ಅಂತ ಒಂದು ಇದೆ, ಸಿಮ್ ಕಂಪನಿಯ ಇಂಟರ್ನೆಟ್ ಬಾಗಿಲಿನ ವಿಳಾಸ ಇದ್ದ ಹಾಗೆ. ಅದನ್ನೂ ರೀಸೆಟ್ ಮಾಡಿದಳು.

ಆಮೇಲೆ ಒಂದು ನಿಜವಾದ ತಪ್ಪೇ ಸಿಕ್ಕಿತು. ನನ್ನ ಫೋನಿನಲ್ಲಿ ಎರಡು ಸಿಮ್. ಎರಡನೆಯದು ಬರೀ ಕರೆಗೆ, ಅದರಲ್ಲಿ ಡೇಟಾ ಪ್ಯಾಕ್ ಇಲ್ಲ. ಮೊದಲ ಸಿಮ್ಮಿನ ಸಿಗ್ನಲ್ ಕಮ್ಮಿಯಾದರೆ ಡೇಟಾವನ್ನು ತಾನೇ ಎರಡನೇ ಸಿಮ್ಮಿಗೆ ತಿರುಗಿಸುವ ಸೆಟ್ಟಿಂಗ್ ಆನ್ ಆಗಿತ್ತು! ಪ್ಯಾಕೇ ಇಲ್ಲದ ಸಿಮ್ಮಿಗೆ ತಿರುಗಿಸಿದರೆ ಡೇಟಾ ಎಲ್ಲಿಂದ ಬರಬೇಕು? ನಿಮ್ಮದೂ ಎರಡು ಸಿಮ್ಮಿನ ಫೋನಾದರೆ ಮೊದಲು ಇದನ್ನೇ ನೋಡಿ. ಇನ್ನೊಂದು ವಿಷಯ, ಎರಡನೇ ಸಿಮ್ಮಿನಲ್ಲಿ ಕರೆ ನಡೆಯುತ್ತಿದ್ದಾಗ ಮೊದಲನೆಯದರ ಡೇಟಾ ನಿಲ್ಲುವುದು ಎಷ್ಟೋ ಫೋನುಗಳಲ್ಲಿ ಮಾಮೂಲು. ಅದು ಕೆಟ್ಟಿದ್ದಲ್ಲ.

ಎರಡು ದಿನ ಚೆನ್ನಾಗಿತ್ತು. ಮಗಳಿಗೆ ಮಸಾಲೆ ದೋಸೆ ಕೊಡಿಸಿದೆ. ಮೂರನೇ ದಿನ ದುರ್ಗಿಗುಡಿಯಲ್ಲಿ ಮತ್ತೆ ಅದೇ ಚಕ್ರ.

ಬೇಜಾರಾಗಿ ನಾನೇ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಒತ್ತಿದೆ. ರಸ್ತೆ ಬದಿ ಸ್ಕೂಟಿ ನಿಲ್ಲಿಸಿಕೊಂಡು, ಛತ್ರಿ ಕಂಕುಳಲ್ಲಿ ಇಟ್ಟುಕೊಂಡು. ಫೋಟೋ, ಮೆಸೇಜು ಏನೂ ಹೋಗೋದಿಲ್ಲ, ಅದು ಸರಿ. ಆದರೆ ವೈಫೈ ಪಾಸ್‌ವರ್ಡುಗಳ ಜೊತೆ ಬ್ಲೂಟೂತಿನಲ್ಲಿ ಜೋಡಿಸಿದ್ದೆಲ್ಲ ಅಳಿಸಿಹೋಗುತ್ತೆ. ನನ್ನ ಪ್ರಿಂಟರ್ ಹೋಯಿತು. ಮತ್ತೆ ಜೋಡಿಸಲು ಪಿನ್ ಕೇಳಿತು. ಪಿನ್ ಯಾರಿಗೆ ನೆನಪಿರುತ್ತೆ? ಮುಕ್ಕಾಲು ಗಂಟೆ ಒದ್ದಾಡಿದ ಮೇಲೆ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದರು, "0000 ಹಾಕಿ, ಆಗ್ಲಿಲ್ಲ ಅಂದ್ರೆ 1234." 0000 ಆಯಿತು. ಡೇಟಾ ಸಮಸ್ಯೆ ಮಾತ್ರ ಇದ್ದ ಹಾಗೇ ಇತ್ತು.

ಈ ಹೊತ್ತಿಗೆ ನನ್ನ ಚೀಲದಲ್ಲಿ ಹಳೆ ರಸೀದಿ ಪುಸ್ತಕ ಮತ್ತೆ ಬಂದಿತ್ತು. ಕೈಯಲ್ಲಿ ಬರೆದುಕೊಟ್ಟು, ರಾತ್ರಿ ಮನೆಯಲ್ಲಿ ಮಗಳ ಹಾಟ್‌ಸ್ಪಾಟ್ ಹಿಡಿದು ಎಲ್ಲವನ್ನೂ ಎಂಟ್ರಿ ಮಾಡುತ್ತಿದ್ದೆ. ಹತ್ತೂವರೆ, ಹನ್ನೊಂದು ಗಂಟೆ ಆಗುತ್ತಿತ್ತು. ಹಳಬರು ನಂಬಿ ದುಡ್ಡು ಕೊಟ್ಟರು. ಇಬ್ಬರು ಹೊಸ ಗಿರಾಕಿಗಳು "ಪ್ರಿಂಟ್ ಬಂದ ದಿನ ಕೊಡ್ತೀವಿ ಮೇಡಂ" ಅಂದರು. ಅವರದೇನೂ ತಪ್ಪಿಲ್ಲ. ಆದರೂ ಆ ಮಾತು ಕೇಳಿದ ದಿನ ಊಟ ಸೇರಲಿಲ್ಲ.

ಒಂಬತ್ತನೇ ದಿನ 198ಕ್ಕೆ ಫೋನ್ ಮಾಡಿದೆ. ದೂರು ಹೇಳಲು ಇರುವ ನಂಬರ್ ಇದು, ದುಡ್ಡು ಬೀಳಲ್ಲ. ಅದನ್ನು ಒತ್ತಿ ಇದನ್ನು ಒತ್ತಿ ಅಂತ ಸುತ್ತಾಡಿಸಿ, ಹದಿನೆಂಟು ನಿಮಿಷ ಆದ ಮೇಲೆ ಮನುಷ್ಯರ ದನಿ ಕೇಳಿಸಿತು. ಡಾಕೆಟ್ ನಂಬರ್ ಅಂತ ದೂರಿನ ಗುರುತಿನ ನಂಬರ್ ಕೊಟ್ಟರು. ಇದನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದಿನ ಸಲ ಮತ್ತೆ ಮೊದಲಿಂದ ಕಥೆ ಹೇಳಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲೂ ಆ ನಂಬರ್ ಬೇಕು. ಟ್ರಾಯ್‌ಗೆ ಬರೀತೀನಿ ಅಂತ ತುಂಬಾ ಜನ ಹೆದರಿಸುತ್ತಾರೆ, ಆದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಆ ಸರ್ಕಾರಿ ಪ್ರಾಧಿಕಾರ ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸೋದಿಲ್ಲ.

ಎರಡು ದಿನ ಬಿಟ್ಟು ಒಂದು ಮೆಸೇಜ್ ಬಂತು. ನಿಮ್ಮ ಪ್ರದೇಶದಲ್ಲಿ ನೆಟ್‌ವರ್ಕ್ ಸರಿಯಾಗಿದೆ, ದೂರು ಮುಗಿಸಿದ್ದೇವೆ ಅಂತ. ಕೋಪ ಬಂತು. ಈಗ ಯೋಚಿಸಿದರೆ ಪಾಪ ಅವರು ಹೇಳಿದ್ದು ಸರಿಯೇ ಇತ್ತು.

ಆಮೇಲೆ ಸಿಮ್ ಕಂಪನಿಯ ಅಂಗಡಿ. ಸಿಮ್ ತೆಗೆದು ನೋಡಿದರು. ಚಿನ್ನದ ಬಣ್ಣದ ತಗಡಿನ ಮೇಲೆ ಗೀರುಗಳಿದ್ದವು. "ಹಳೇದಾಗಿದೆ, ಚೇಂಜ್ ಮಾಡ್ಸಿ ಮೇಡಂ" ಅಂದರು. ಸರಿ ಅಂತ ಆಧಾರ್ ಕೊಟ್ಟೆ. ಆಗ ಗೊತ್ತಾಯಿತು, ಸಿಮ್ ನನ್ನ ಹೆಸರಲ್ಲೇ ಇಲ್ಲ. ಯಾವ ಕಾಲದಲ್ಲೋ ನಮ್ಮನೆಯವರು ತಮ್ಮ ಹೆಸರಲ್ಲಿ ತೆಗೆದುಕೊಟ್ಟಿದ್ದು. ನಂಬರ್ ಯಾರ ಹೆಸರಲ್ಲಿದೆಯೋ ಅವರೇ ಆಧಾರ್ ಹಿಡಿದು ಬರಬೇಕು, ಅಲ್ಲೇ ಫೋಟೋ ತೆಗೀತಾರೆ. ಜೆರಾಕ್ಸ್, ಪತ್ರ ಏನೂ ನಡೆಯೋದಿಲ್ಲ. ನಮ್ಮನೆಯವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಸೋಮವಾರ ಅರ್ಧ ದಿನ ರಜೆ ಹಾಕಿ ಬಂದರು. ಕಾದಿದ್ದು ಒಂದು ಗಂಟೆ, ಕೆಲಸ ಹತ್ತು ನಿಮಿಷ, ಐವತ್ತು ರೂಪಾಯಿ.

ಆದರೆ ಸೋಮವಾರ ಮಾಡಿಸಿದ್ದೇ ದೊಡ್ಡ ತಪ್ಪು. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಳ್ಳರು ಬೇರೆಯವರ ನಂಬರಿನ ಸಿಮ್ ತೆಗೆದುಕೊಂಡು ಒಟಿಪಿ ಕದಿಯಬಾರದು ಅಂತ ಮಾಡಿರುವ ನಿಯಮ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೊಸ ಸಿಮ್ ಹಾಕಿದ ತಕ್ಷಣ ಸೊಸೈಟಿ ಆ್ಯಪ್ ಲಾಗೌಟ್ ಆಯಿತು. ಒಟಿಪಿ ಕೇಳಿತು. ಒಟಿಪಿ ಬರಲಿಲ್ಲ. ಯುಪಿಐ ಕೂಡ ಮತ್ತೆ ನೋಂದಾಯಿಸು ಅಂತು, ಅದಕ್ಕೂ ಫೋನಿನಿಂದ ಒಂದು ಎಸ್ಎಂಎಸ್ ಹೋಗಬೇಕು. ಹೋಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತು ಚೀಲ ತಡಕಿ ಚಿಲ್ಲರೆ ಎಣಿಸಿದೆ. ನೀವು ಸಿಮ್ ಬದಲಾಯಿಸುವುದಾದರೆ ರಜೆಯ ಹಿಂದಿನ ಸಂಜೆ ಮಾಡಿಸಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.

ಹೊಸ ಸಿಮ್ಮಿನಲ್ಲೂ ಡೇಟಾ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಸಿಮ್ ಕಂಪನಿಯ ಸಹವಾಸವೇ ಬೇಡ, ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗೋಣ ಅಂತ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸಿದೆ. ಅದೂ ತಿರಸ್ಕಾರ. ಸಿಮ್ ಬದಲಾಯಿಸಿ ಏಳು ದಿನ ಆಗುವ ತನಕ ಪೋರ್ಟ್ ಮಾಡುವ ಹಾಗಿಲ್ಲ, 2024ರ ಜುಲೈಯಿಂದ ಬಂದ ನಿಯಮ. ಒಂದು ಲೆಕ್ಕದಲ್ಲಿ ಬಚಾವಾದೆ. ಪೋರ್ಟ್ ಆಗಿದ್ದರೂ ಏನೂ ಪ್ರಯೋಜನ ಇರುತ್ತಿರಲಿಲ್ಲ.

ಹದಿನೆಂಟನೇ ದಿನ, ಭಾನುವಾರ. ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಅವತ್ತು ಮಾಡಿದೆವು. ನನ್ನ ಸಿಮ್ ತೆಗೆದು ಮಗಳ ಹಳೆ ಫೋನಿಗೆ ಹಾಕಿದೆವು, ಅವಳ ಸಿಮ್ ನನ್ನ ಫೋನಿಗೆ. ಎರಡನ್ನೂ ಹಿಡಿದು ಸ್ಕೂಟಿಯಲ್ಲಿ ಬಜಾರ್, ದುರ್ಗಿಗುಡಿ, ವಿನೋಬನಗರ ಎಲ್ಲಾ ಸುತ್ತಿ ಬಂದೆವು. ಮಗಳು ಹಿಂದೆ ಕೂತು ಎರಡೂ ಕೈಯಲ್ಲಿ ಒಂದೊಂದು ಫೋನ್ ಹಿಡಿದು ವರದಿ ಹೇಳುತ್ತಿದ್ದಳು. ನನ್ನ ಸಿಮ್ ಒಂದು ಸಲವೂ ಬಿಡಲಿಲ್ಲ. ಅವಳ ಸಿಮ್ ನನ್ನ ಫೋನಿನಲ್ಲಿ ಏಳು ಸಲ ಡೇಟಾ ಬಿಟ್ಟಿತು. ಅಂದರೆ ಟವರಲ್ಲ, ಸಿಮ್ಮಲ್ಲ. ಫೋನೇ.

ಇಷ್ಟು ದಿನ ಯಾಕೆ ಮಾಡಲಿಲ್ಲ ಅಂದರೆ, ಸಿಮ್ ತೆಗೆದರೆ ಆ್ಯಪ್ ಲಾಗೌಟ್ ಆಗುತ್ತೆ ಅನ್ನುವ ಭಯ. ಅದೇ ಭಯಕ್ಕೆ ಎರಡು ವಾರ ಕಳೆದೆ.

ಮನೆಗೆ ಬಂದು ಮಗಳು ಇನ್ನೊಂದು ತೋರಿಸಿದಳು. ಸೆಟ್ಟಿಂಗಿನಲ್ಲಿ ಫೋನಿನ ವಿವರ ಇರುವ ಕಡೆ ಸಿಮ್ ಸ್ಟೇಟಸ್ ಅಂತ ಇರುತ್ತೆ. ಅಲ್ಲಿ ಸಿಗ್ನಲ್ ಎಷ್ಟಿದೆ ಅಂತ ಡಿಬಿಎಂ ಲೆಕ್ಕದಲ್ಲಿ ಮೈನಸ್ ಅಂಕೆ ಕಾಣುತ್ತೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, 115 ದಾಟಿದರೆ ಕಷ್ಟ. ನನ್ನದು ಮೈನಸ್ 92. ಸಿಗ್ನಲ್ ಚೆನ್ನಾಗಿದೆ, ಡೇಟಾ ಇಲ್ಲ. ಇದೇನು ವಿಚಿತ್ರ ಅಂತ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುವ ಮುಂಚೆ ಸ್ವಲ್ಪ ತಯಾರಿ ಮಾಡಿಕೊಂಡೆ. ಫೋಟೋ ಎಲ್ಲಾ ಬ್ಯಾಕಪ್. ಯುಪಿಐ, ಬ್ಯಾಂಕ್ ಆ್ಯಪ್ ಎಲ್ಲಾ ತೆಗೆದೆ. *#06# ಒತ್ತಿದರೆ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರೆದುಕೊಂಡು, ಅಲ್ಲಿ ಫೋನ್ ತಗೊಂಡಾಗ ಕೊಡುವ ಜಾಬ್ ಶೀಟಿನ ನಂಬರ್ ಜೊತೆ ಹೋಲಿಸಿ ನೋಡಿದೆ. ಸಿಮ್ ನನ್ನ ಹತ್ತಿರವೇ ಇಟ್ಟುಕೊಂಡೆ. ವಾರಂಟಿ ಮುಗಿದು ನಾಲ್ಕು ತಿಂಗಳಾಗಿತ್ತು. ಟೋಕನ್ 31. ಎರಡು ಗಂಟೆ ಕೂತೆ. ಎದುರಿಗೆ ಟಿವಿಯಲ್ಲಿ ಒಂದೇ ಜಾಹೀರಾತು ತಿರುಗಿ ತಿರುಗಿ ಬರುತ್ತಿತ್ತು.

ಕೌಂಟರಿನ ಹುಡುಗಿ ಕೇಳಿದಳು, "ಹೊರಗಡೆ ಎಲ್ಲಾದ್ರೂ ಓಪನ್ ಮಾಡ್ಸಿದೀರಾ ಮೇಡಂ?"

"ಇಲ್ಲ" ಅಂದೆ.

ಅದು ಸುಳ್ಳು. ಮೇ ತಿಂಗಳಲ್ಲಿ ಚಾರ್ಜಿಂಗ್ ಪಿನ್ ಹೋಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ಹಾಕಿಸಿದ್ದೆ, ಅರ್ಧ ಗಂಟೆಯಲ್ಲಿ. ಹೌದು ಅಂದರೆ ಮುಟ್ಟೋದಿಲ್ಲ ಅಂತಾರೇನೋ ಅನ್ನಿಸಿತು. ಜೊತೆಗೆ, ಚಾರ್ಜಿಂಗ್ ಪಿನ್ನಿಗೂ ಡೇಟಾಕ್ಕೂ ಏನು ಸಂಬಂಧ ಅಂತ ನನ್ನ ಬುದ್ಧಿವಂತಿಕೆ.

ಒಳಗೆ ತೆಗೆದುಕೊಂಡು ಹೋಗಿ ಅವರ ಸಿಮ್ ಹಾಕಿ ಟೇಬಲ್ ಮೇಲಿಟ್ಟು ನೋಡಿದರು. ಒಂದು ಗಂಟೆ ಅಲ್ಲಾಡದೆ ಓಡಿತು! ಡಾಕ್ಟರ ಮುಂದೆ ಕೂತಾಗ ಜ್ವರ ಇರೋದಿಲ್ಲವಲ್ಲ, ಹಾಗೆ. ಸಾಫ್ಟ್‌ವೇರ್ ಹೊಸದಾಗಿ ಹಾಕಿದರು. "ಮತ್ತೆ ಬಂದ್ರೆ ಮದರ್‌ಬೋರ್ಡ್ ಚೇಂಜ್ ಮಾಡ್ಬೇಕಾಗುತ್ತೆ, 8,900 ಆಗುತ್ತೆ." ಫೋನ್ ತಗೊಂಡಿದ್ದೇ ಹದಿನಾಲ್ಕು ಸಾವಿರಕ್ಕೆ. ತಪಾಸಣೆಗೆ ಜಿಎಸ್‌ಟಿ ಸೇರಿ 236 ಕೊಟ್ಟು ಹೊರಗೆ ಬಂದೆ. ಗೇಟು ದಾಟಿ ಮೊದಲ ಹಂಪ್ ಹಾರಿಸುವಷ್ಟರಲ್ಲಿ ಡೇಟಾ ಹೋಗಿತ್ತು. ಸ್ಕೂಟಿ ನಿಲ್ಲಿಸಿ ಸುಮ್ನೆ ಕೂತೆ. ಮಳೆ ಬರುತ್ತಿತ್ತು, ಅತ್ತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಅಂತಲೇ ಇಟ್ಟುಕೊಳ್ಳಿ.

ಹೊಸ ಫೋನಿಗೆ ಕಂತಿನ ಲೆಕ್ಕ ಹಾಕುತ್ತಾ ಇನ್ನೂ ನಾಲ್ಕು ದಿನ ರಸೀದಿ ಪುಸ್ತಕದಲ್ಲೇ ನಡೆಯಿತು. ದುರ್ಗಿಗುಡಿಯ ಒಂದು ಓಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ಚಿಕ್ಕದು. ಆ ಹುಡುಗ ನನ್ನ ಪಿಗ್ಮಿ ಗಿರಾಕಿ, ದಿನಕ್ಕೆ ನೂರು ರೂಪಾಯಿ. ಇಷ್ಟು ದಿನ ಅವನ ಅಂಗಡಿಗೆ ಹೋಗಿ ಅವನ ದುಡ್ಡು ಇಸಿದುಕೊಂಡು ಬಂದಿದ್ದೇನೆ, ಅವನನ್ನು ಕೇಳಬೇಕು ಅಂತ ಹೊಳೆದಿಲ್ಲ. ಅವತ್ತು ನಾನು ಫೋನನ್ನು ಅಂಗೈ ಮೇಲೆ ಬಡಿಯುವುದು ನೋಡಿ ಅವನೇ ಕೇಳಿದ.

"ಅಕ್ಕ, ಯಾಕೆ ಅದಕ್ಕೆ ಹೊಡೀತಿದೀರ? ಕೊಡಿ ಇಲ್ಲಿ."

ಎಲ್ಲಾ ಹೇಳಿದೆ. ಈ ಸಲ ಚಾರ್ಜಿಂಗ್ ಪಿನ್ ವಿಷಯವನ್ನೂ ಹೇಳಿದೆ. ಅದನ್ನು ಕೇಳಿದ್ದೇ ಅವನು ಫೋನಿನ ಹಿಂದೆ, ಕೆಳಗಡೆ, ಹೆಬ್ಬೆರಳಿಟ್ಟು ಒತ್ತಿದ. ಡೇಟಾ ಬಂತು. ಬೆರಳು ತೆಗೆದು ಫೋನನ್ನು ಒಂದು ಸಲ ಕೊಡವಿದ. ಹೋಯಿತು. ಮತ್ತೆ ಒತ್ತಿದ. ಬಂತು. ಇಪ್ಪತ್ನಾಲ್ಕು ದಿನದ ಒಗಟು ಅವನ ಹೆಬ್ಬೆರಳಿನ ಕೆಳಗಿತ್ತು.

ಬಿಸಿಗಾಳಿ ಹಾಯಿಸಿ, ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಹಿಂದಿನ ಮುಚ್ಚಳ ಎಬ್ಬಿಸಿದ. ಎರಡು ಸ್ಕ್ರೂ ಇರಲೇ ಇಲ್ಲ. "ಯಾರಕ್ಕ ಇದಕ್ಕೆ ಕೈ ಹಾಕಿದ್ದು?" ಅಂದ. ಕೆಳಗಿನ ಚಿಕ್ಕ ಬೋರ್ಡಿನಿಂದ ಮೇಲಿನ ಬೋರ್ಡಿಗೆ ದಾರದಂಥ ಕಪ್ಪು ವೈರೊಂದು ಹೋಗಿತ್ತು, ಆಂಟೆನಾದ್ದು. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿನ್ನದ ಬಣ್ಣದ ಗುಂಡಿ. ರವಿಕೆಗೆ ಹಾಕುವ ಟಿಚ್ ಬಟನ್ ಇದೆಯಲ್ಲ, ಅದೇ ಥರ ಒತ್ತಿ ಕೂರಿಸುವಂಥದ್ದು. ಅದು ಅರ್ಧ ಕೂತು ಅರ್ಧ ಎದ್ದಿತ್ತು. ಪಿನ್ ಹಾಕುವಾಗ ಬಿಚ್ಚಿದವರು ಸರಿಯಾಗಿ ಕೂರಿಸಿಲ್ಲ. ಆಮೇಲೆ ನನ್ನ ಸ್ಕೂಟಿ, ನಮ್ಮೂರಿನ ಗುಂಡಿಗಳು ಸೇರಿ ಉಳಿದ ಕೆಲಸ ಮುಗಿಸಿವೆ. ಟೇಬಲ್ ಮೇಲಿದ್ದಾಗ ಚೆನ್ನಾಗಿ ಓಡಿದ್ದೂ ಅದಕ್ಕೇ.

"ಮತ್ತೆ ಕಡ್ಡಿ ಯಾಕೆ ತುಂಬಾ ತೋರ್ಸುತ್ತೆ?" ಅಂತ ಕೇಳಿದೆ.

"ಮೇಲೆ ಇನ್ನೊಂದು ಆಂಟೆನಾ ಇದೆ ಅಕ್ಕ. ಅದರಿಂದ ಟವರ್ ಹೇಳೋದು ಇದಕ್ಕೆ ಕೇಳ್ಸುತ್ತೆ. ಇದು ಹೇಳೋದು ಟವರ್‌ಗೆ ಕೇಳ್ಸಲ್ಲ."

ವೈರು ಒಂದು ಕಡೆ ಜಜ್ಜಿಹೋಗಿತ್ತು. ಡಬ್ಬಿಯಲ್ಲಿದ್ದ ಹಳೆ ಫೋನೊಂದರಿಂದ ಅದೇ ಅಳತೆಯದು ತೆಗೆದು ಹಾಕಿದ. ಉಗುರಿನಿಂದ ಒತ್ತಿದಾಗ ಟಕ್ ಅಂತ ಸಣ್ಣ ಸದ್ದು ನನಗೂ ಕೇಳಿಸಿತು. ಸ್ಕ್ರೂ ಹಾಕಿ, ಗಮ್ ಹಚ್ಚಿ, ನಾಲ್ಕು ರಬ್ಬರ್ ಬ್ಯಾಂಡ್ ಸುತ್ತಿ ಅರ್ಧ ಗಂಟೆ ಇಟ್ಟ. ಒಂದು ಮಾತು ಹೇಳಿದ, ನಿಮಗೂ ಹೇಳಿಬಿಡುತ್ತೇನೆ: ಒಮ್ಮೆ ಹೀಗೆ ಬಿಚ್ಚಿದ ಫೋನಿನೊಳಗೆ ನೀರು ಹೋಗೋದಿಲ್ಲ ಅಂತ ನಂಬಬೇಡಿ, ಕಂಪನಿಯ ಅಂಟು ಇರೋದಿಲ್ಲ. ಅವತ್ತಿಂದ ಮಳೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟುಕೊಳ್ಳುತ್ತೇನೆ.

ಎಷ್ಟಪ್ಪಾ ಅಂದೆ. "ಇನ್ನೂರು. ಕೊಡೋದು ಬೇಡ, ಇವತ್ತಿಂದು ನಾಳೆದು ನನ್ನ ಪಿಗ್ಮಿ ನೀವೇ ಕಟ್ಬಿಡಿ." ಅಲ್ಲೇ ಎಂಟ್ರಿ ಹಾಕಿದೆ. ಪ್ರಿಂಟರ್ ಟಿರ್ರ್ ಅಂತು.

ಅಲ್ಲಿಂದ ಸೀದಾ ಗಾಂಧಿ ಬಜಾರಿಗೆ ಹೋದೆ. ದಿನಸಿ ಅಂಗಡಿ ಯಜಮಾನರು ಇನ್ನೂರು ಕೊಟ್ಟು ಕೈ ಚಾಚಿದರು. ಚೀಟಿ ಕೊಟ್ಟೆ. ನೋಡಿದರು, ತಂತಿಗೆ ಚುಚ್ಚಲಿಲ್ಲ.

"ಹಿಂದಿನವು?"

ಕೈಬರಹದ ರಸೀದಿಗಳನ್ನು ಅವರು ಬೇರೆ ಡಬ್ಬಿಯಲ್ಲಿ ಇಟ್ಟಿದ್ದರಂತೆ, ತಂತಿಗೆ ಹಾಕಿರಲಿಲ್ಲ. ಆ್ಯಪಿನಲ್ಲಿ ಹಳೆ ಎಂಟ್ರಿ ತೆಗೆದು ಒಂದೊಂದೇ ಡೂಪ್ಲಿಕೇಟ್ ಹೊಡೆದೆ. ಹದಿಮೂರು ಚೀಟಿ. ಗಿರಾಕಿಗಳು ಕಾಯುತ್ತಿದ್ದರು. ಯಜಮಾನರು ತಾರೀಖು ನೋಡಿ ನೋಡಿ, ಹಳೆಯದು ಮೊದಲು ಹೊಸದು ಆಮೇಲೆ, ಎಲ್ಲವನ್ನೂ ತಂತಿಗೆ ಚುಚ್ಚಿ, "ಹ್ಞೂಂ, ಈಗ ಸರಿಯಾಯ್ತು" ಅಂದರು.